ಪಕ್ಕೆಲುಬಿನ ಹಾಡು

ಗ್ರಾಮಫೋನಿನ ಮೇಲೆ ಯಾರದೋ ಪಕ್ಕೆಲುಬುಗಳು ತಿರುಗುತ್ತಿದ್ದವು.

"ಕದ ಸರಿಯಾಗಿ ಹಾಕಿದ್ಯಾ?" ಎಂದು ಗ್ಲೆಬ್ ಪಿಸುಗುಟ್ಟಿದ. "ಕಾಪಾ ಅತ್ತೆಗೆ ಕೇಳಿಸ್ತೋ, ನಾಳೆ ಇಡೀ ಲೆನಿನ್‌ಗ್ರಾಡ್‌ಗೆ ಗೊತ್ತಾಗತ್ತೆ."

ಕಾಪಾ ಅತ್ತೆ ಪಕ್ಕದ ಕೋಣೆಯವಳು. ಆ ಮನೆಯಲ್ಲಿ ಐದು ಸಂಸಾರಗಳಿದ್ದವು. ಅಡುಗೆಮನೆ ಒಂದೇ, ಗೋಡೆಗಳು ತೆಳು. ರಿಮ್ಮಾ ಬಾಗಿಲ ಸಂದಿಗೆ ಕಂಬಳಿ ತುರುಕಿ ಅಣ್ಣನ ಪಕ್ಕದಲ್ಲಿ ಕುಳಿತಳು. ಕಿಟಕಿಯಾಚೆ ಹಿಮ ಸುರಿಯುತ್ತಿತ್ತು. ಮಧ್ಯಾಹ್ನವೇ ಕತ್ತಲಾಗಿತ್ತು.

ಸರ್ಕಾರ ನಿಷೇಧಿಸಿದ್ದ ಹೊರದೇಶದ ಹಾಡುಗಳನ್ನು ಆಸ್ಪತ್ರೆಯ ಹಳೆಯ ಎಕ್ಸ್‌ರೇ ಹಾಳೆಗಳ ಮೇಲೆ ಕೊರೆದು, ಬೀದಿಯ ತಿರುವಿನಲ್ಲಿ ಕೋಟಿನ ತೋಳಿನಿಂದ ಎಳೆದು ಮಾರುವವರಿದ್ದರು. ಗ್ಲೆಬ್ ತಂದದ್ದು ಅಂಥದೊಂದು ಪ್ಲೇಟು. ಅದರ ನಡುವೆ ಸಿಗರೇಟಿನಿಂದ ಸುಟ್ಟ ತೂತು. ಮುಳ್ಳು ತಾಗಿದೊಡನೆ ಮೊದಲು ದೀರ್ಘವಾದ 'ಸ್‌ಸ್‌ಸ್' ಸದ್ದು. ಆಮೇಲೆ, ಬಾವಿಯ ತಳದಿಂದ ಬಂದಂತೆ, ಹೆಂಗಸೊಬ್ಬಳ ದನಿ.

"ಹಾಡ್ತಿರೋದು ಯಾರಣ್ಣಾ?"

"ಇವಳೇ," ಎಂದು ಗ್ಲೆಬ್ ತಿರುಗುವ ಎಲುಬುಗಳನ್ನು ತೋರಿಸಿದ. "ಎಕ್ಸ್‌ರೇ ತೆಗೀವಾಗ ದನಿ ಹಾಳೆಯೊಳಗೆ ಸೇರ್ಕೊಂಡ್ಬಿಡ್ತು. ಆಮೇಲೆ ಪಾಪ, ಬಾಯ್ಬಿಟ್ರೆ ಬರೀ ಗಾಳಿ."

"ಸುಳ್ಳು."

"ಸುಳ್ಳಾದ್ರೆ ನೀನ್ಯಾಕೆ ನಡುಗ್ತಿದೀಯ?"

ಮರುದಿನ ಶಾಲೆಯಲ್ಲಿ ಹಾಡಿನ ಟೀಚರ್ ಪಿಯಾನೋ ಮುಚ್ಚಿ ಹೇಳಿದರು: "ಹೊಸ ವರ್ಷದ ಕಾರ್ಯಕ್ರಮಕ್ಕೆ ಮುಂಚೆ ಎಲ್ಲರೂ ಕ್ಷಯದ ತಪಾಸಣೆಗೆ ಎದೆ ಎಕ್ಸ್‌ರೇ ತೆಗೆಸ್ಕೋಬೇಕು. ತಪ್ಪಿಸ್ಕೊಂಡವರು ಸ್ಟೇಜ್ ಹತ್ತೋ ಹಾಗಿಲ್ಲ."

ಆ ಸಲ ಒಬ್ಬಳೇ ನಿಂತು ಹಾಡಬೇಕಾದವಳು ರಿಮ್ಮಾ. ಶರತ್ಕಾಲದಿಂದಲೂ ಅದಕ್ಕಾಗಿ ಕಾದಿದ್ದಳು. ಎಕ್ಸ್‌ರೇಗೆ ಹೋಗದಿದ್ದರೆ ಹಾಡುವಂತಿಲ್ಲ. ಹೋಗಿ ಬಂದ ಮೇಲೆ ಹಾಡಲು ದನಿಯೇ ಉಳಿಯದಿದ್ದರೆ?

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಕಪ್ಪು ಪರದೆಯ ಹಿಂದೆ ಮರೆಯಾಗುತ್ತಿದ್ದರು. ಹೊರಬಂದವರು ಯಾರೂ ಮಾತಾಡುತ್ತಿಲ್ಲವೆಂದು ರಿಮ್ಮಾಳಿಗೆ ಅನ್ನಿಸಿತು.

"ಹೋಗೇ," ಎಂದು ಹಿಂದಿದ್ದ ನ್ಯೂರಾ ತಿವಿದಳು. "ಕಾಲಿಗೆ ಬೇರು ಬಂತಾ?"

ಒಳಗೆ ಕೆಂಪು ದೀಪವೊಂದೇ. ಡಾಕ್ಟರಮ್ಮನ ಮುಖ ಕಾಣಲಿಲ್ಲ. ಕೈಗಳು ಮಾತ್ರ ಕಂಡವು. ಅವು ರಿಮ್ಮಾಳ ಭುಜ ಹಿಡಿದು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿದವು.

"ಗದ್ದ ಮೇಲೆತ್ತು, ಪುಟ್ಟಿ. ಉಸಿರು ತಗೋ. ಇನ್ನೂ. ಹಾಂ, ಹಿಡ್ಕೋ."

ಯಂತ್ರ ಗುಂಯ್‌ಗುಟ್ಟಿತು. ತನ್ನ ಎದೆಯೊಳಗೆ ಯಾರೋ ಕಂದೀಲು ಹಿಡಿದು ಏನನ್ನೋ ಹುಡುಕುತ್ತಿರುವಂತೆ ಅವಳಿಗೆ ಭಾಸವಾಯಿತು. ಉಸಿರು ಕಟ್ಟಿತು.

"ಈಗ ಬಿಡು."

ರಿಮ್ಮಾ ಬಾಯ್ತೆರೆದಳು. ಬರೀ ಗಾಳಿ ಬಂತು. ಉಗುಳು ನುಂಗಿ ಮತ್ತೆ ಬಾಯ್ತೆರೆದಳು. ಆಗ ನೂಲಿನಷ್ಟು ಸಣ್ಣ ಸ್ವರವೊಂದು ಹೊರಟಿತು.

"ಇಲ್ಲೂ ಹಾಡ್ತೀಯೇನೇ?"

"ದನಿ ಇದ್ಯಾ ಅಂತ ನೋಡ್ದೆ."

"ದನಿ ಎಕ್ಸ್‌ರೇಲಿ ಬರಲ್ಲ ಕಣೇ. ಎಲುಬು ಬರತ್ತೆ, ಒಳಗಿರೋ ಉಸಿರು ಬರತ್ತೆ."

"ನನ್ನ ಹಾಳೆ ಆಮೇಲೆ ಎಲ್ಲಿಗೆ ಹೋಗತ್ತೆ?"

ಕೈಗಳು ತಡೆದು ನಿಂತವು. ಡಾಕ್ಟರಮ್ಮ ಪರದೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. "ಹಳೇದಾದ್ಮೇಲೆ ಎಲ್ಲೆಲ್ಲಿಗೋ ಹೋಗತ್ತೆ. ಅದನ್ನೆಲ್ಲ ಕೇಳ್ಬಾರ್ದು. ಅಂಗಿ ಹಾಕ್ಕೋ."

ಮನೆಯಲ್ಲಿ ಗ್ಲೆಬ್ ಕಾದಿದ್ದ. "ಏನಮ್ಮಾ, ದನಿ ವಾಪಸ್ ಕೊಟ್ರಾ?"

"ಆ ಪ್ಲೇಟು ಹಾಕು," ಎಂದಳು ರಿಮ್ಮಾ.

ಇಂಥ ಪ್ಲೇಟುಗಳಿಗೆ ಆಯುಸ್ಸು ಕಡಿಮೆ. ನಾಲ್ಕಾರು ದಿನಗಳಲ್ಲೇ ಹಾಡು ತೆಳುವಾಗಿ, 'ಸ್‌ಸ್‌ಸ್' ಸದ್ದು ದಟ್ಟವಾಗಿತ್ತು. ಮುಗಿದ ಮೇಲೆ ರಿಮ್ಮಾ ಪ್ಲೇಟನ್ನು ಎತ್ತಿ ದೀಪಕ್ಕೆ ಹಿಡಿದಳು. ಪಕ್ಕೆಲುಬುಗಳು ಒಂದರಿಂದೊಂದು ದೂರ ಸರಿದು, ಅಗಲವಾಗಿ ಅರಳಿಕೊಂಡಿದ್ದವು. ಅದು ಉಸಿರು ತುಂಬಿದ ಎದೆ. ಯಾರೋ ಅದೇ ತಣ್ಣನೆಯ ಹಲಗೆಗೆ ಒತ್ತಿಕೊಂಡು, ಹೇಳಿದ ಹಾಗೆ ಕೇಳಿ, ಇನ್ನೂ ಉಸಿರು ಹಿಡಿದೇ ನಿಂತಿದ್ದರು.

ಗ್ಲೆಬ್ ಬಾಗಿಲ ಸಂದಿಯ ಕಂಬಳಿ ತೆಗೆಯಲು ಹೋದ. ರಿಮ್ಮಾ ಪ್ಲೇಟಿನ ಹತ್ತಿರ ಬಾಯಿ ತಂದು, ಅಣ್ಣನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

"ಈಗ ಬಿಡು."