ಹೊಡೆದವರ ಕಾಲಂ

ಇದು ನಡೆದದ್ದು ಕೊಪ್ಪದಲ್ಲಿ, ಹಾಡುಹಗಲಲ್ಲಿ. ನಂಬದಿದ್ದರೆ ಬಿಡಿ.

ನಮ್ಮ ಮಹಿಳಾ ಕೇಂದ್ರದ ಕಂಪ್ಯೂಟರಿನಲ್ಲಿ ಮನೆಯಲ್ಲಿ ಪೆಟ್ಟು ತಿಂದು ಬಂದ ಹೆಂಗಸರ ದಾಖಲೆಯಿತ್ತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರಕ್ಕೆ ಒಂದೊಂದು ಟೇಬಲ್. ಸಭೆಯಲ್ಲಿ ಓದುವಾಗ ಹೊಡೆದವರ ಹೆಸರು ಬಿಡುವುದು ನಮ್ಮ ರೂಢಿ. ಕೂತವರೆಲ್ಲ ನೆಂಟರಲ್ಲವೇ! ಹಾಗಾಗಿ ಪ್ರತಿ ಟೇಬಲಿನಿಂದ ಆ ಒಂದು ಕಾಲಂ ಬಿಟ್ಟು ಉಳಿದದ್ದನ್ನೆಲ್ಲ ತೋರಿಸುವ 'ವ್ಯೂ' ಎಂಬ ಪಟ್ಟಿ ತಾನಾಗಿ ತಯಾರಾಗುವಂತೆ ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆದೆ.

ಮೂರು ಟೇಬಲಿಗೆ ನಾಲ್ಕು ವ್ಯೂ ಬಂದವು. ನಾಲ್ಕನೆಯದರ ಮೂಲ ಟೇಬಲ್ ಎಲ್ಲೂ ಇರಲಿಲ್ಲ. ಅದರಲ್ಲಿ ಒಂದೇ ಸಾಲು: ಕುಸುಮಾ, ಮೆಣಸೆ. ಹಣೆಗೆ ಕತ್ತಿಯೇಟು. ಇವತ್ತು, ಮೂರು ಇಪ್ಪತ್ತಕ್ಕೆ.

ಮೆಣಸೆಯ ಕುಸುಮಕ್ಕ ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದರು.

"ಎಂತ ತಮಾಷೆ ಮಾರಾಯ್ತಿ ಇದು? ಅಳಿಸು ಮೊದ್ಲು," ಎಂದರು.

ಆಗ ಮೂರು ಹದಿನೆಂಟು. ಹೆದರಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬಂದು ಕೂತರು. ಒಳಗೆ ಇದ್ದದ್ದು ನಾವಿಬ್ಬರೇ. ನಾನು ಕೀಬೋರ್ಡಿನ ಮೇಲೆ ಎರಡೂ ಕೈಯಿಟ್ಟೆ.

ಎಳನೀರು ಕೊಚ್ಚಿದಂಥ ಸದ್ದಾಯಿತು. ಕುಸುಮಕ್ಕನ ಹಣೆ ಹುಬ್ಬಿನವರೆಗೂ ಸೀಳಿ, ರಕ್ತ ನನ್ನ ಮುಖಕ್ಕೆ, ಕೈಗೆ, ಪರದೆಗೆಲ್ಲ ಚಿಮ್ಮಿತು.

ಪೊಲೀಸರಿಗೆ ಚಿಲಕ ತೆಗೆದವಳು ನಾನೇ. ಒಳಗೆ ಕತ್ತಿ ಸಿಗಲಿಲ್ಲ. ಹೊಡೆದವರು ಯಾರೆಂದು ಅವರು ಇನ್ನೂ ನನ್ನನ್ನೇ ಕೇಳುತ್ತಾರೆ.

ಆ ಬಿಳಿ ಕೀಬೋರ್ಡ್ ಪೂರ್ತಿ ಕೆಂಪಾಗಿತ್ತು. ನನ್ನ ಹತ್ತು ಬೆರಳೂ ಇದ್ದ ಜಾಗ ಮಾತ್ರ ಬೆಳ್ಳಗೇ ಉಳಿದಿತ್ತು.