ಗುಳ್ಳೆ ಇಲ್ಲದ ಜಾಗ

"ಡ್ರಿಲ್ ಕೆಳಗಿಡ್ರೀ!"

ದೋಣಿಯೊಳಗೆ ಬಗ್ಗಿದ್ದ ಮೆಕ್ಯಾನಿಕ್ ಬೆಚ್ಚಿ ತಲೆಯೆತ್ತಿದ. ಕಟ್ಟೆಯ ಮೇಲೆ ನಿಂತವಳ ಕಣ್ಣು ಕೆಂಡವಾಗಿತ್ತು. ತಳದಲ್ಲಿ ಪೆನ್ಸಿಲಿನ ದುಂಡು ಗುರುತು. ಅವನ ಕೈಯಲ್ಲಿ ಡ್ರಿಲ್.

'ತೂತು ಕೊರೀತಾನೆ... ಅವರು ಕೈಯಾರೆ ಕಟ್ಟಿದ ದೋಣಿಗೆ!'

ಅವಳ ಗಂಡ ಮನೆಯ ಹಿಂದಿನ ಶೆಡ್ಡಿನಲ್ಲಿ ಫೈಬರ್ ಹಾಳೆಗಳನ್ನು ಪದರ ಪದರವಾಗಿ ಅಂಟಿಸಿ ಕಟ್ಟಿದ ದೋಣಿ ಅದು. ನೀರಿಗಿಳಿಸುವ ಮೊದಲೇ ಜ್ವರ ಅವನನ್ನು ಕರೆದೊಯ್ದಿತ್ತು. ನೀರಿನ ಆಳ ತೋರಿಸುವ ಯಂತ್ರವಿಲ್ಲದೆ ಅಧಿಕಾರಿಗಳು ಅದನ್ನು ಬಂದರಿನಾಚೆ ಬಿಡುವುದಿಲ್ಲ. ಆಚೆ ಹೋಗದಿದ್ದರೆ ಮಾರುವುದೊಂದೇ ದಾರಿ.

"ಡ್ರಿಲ್ ಇರೋದು ಮೇಲ್ಗಡೆ ಯಂತ್ರದ ಪರದೆ ಕೂರಿಸೋಕೆ, ಮೇಡಂ. ತಳಕ್ಕಲ್ಲ," ಎಂದ ಅವನು ಮೆಲ್ಲಗೆ. "ಸೆನ್ಸರ್ ಒಳಗಿಂದಲೇ ಅಂಟಿಸ್ಬಹುದು. ಅದರ ಶಬ್ದ ಫೈಬರ್ ದಾಟಿ ನೀರಿಗಿಳಿದು, ನೆಲ ಮುಟ್ಟಿ ವಾಪಸ್ ಬರುತ್ತೆ. ಆದ್ರೆ ಪದರಗಳ ನಡುವೆ ಗಾಳಿ ಗುಳ್ಳೆ ಇದ್ರೆ ಅಲ್ಲೇ ನಿಂತ್ಬಿಡುತ್ತೆ. ಅಂಥ ಗುಳ್ಳೆ ಇಲ್ಲದ ಜಾಗ ಹುಡುಕ್ತಿದೀನಿ."

"ಕೇಳಿಸ್ಕೊಂಡ್ಯಾ? ಸುಮ್‌ಸುಮ್ನೆ ಹಾರಾಡಿದ್ಯಲ್ಲ!" ಅವನನ್ನು ಕರೆತಂದಿದ್ದ ಅತ್ತೆ ನಕ್ಕರು.

ಅವಳ ಮುಖ ಸಣ್ಣದಾಯಿತು.

ಜಾಗ ಸುಲಭಕ್ಕೆ ಸಿಗಲಿಲ್ಲ. ಸಂಜೆ ಸಂಜೆ ಬಂದರಿನೊಳಗೇ ಸುತ್ತು ಹಾಕಿದರು. ದೋಣಿಯ ಹಿಂಭಾಗದಲ್ಲಿ ಪ್ರೊಪೆಲ್ಲರಿನ ನೊರೆ ಶಬ್ದವನ್ನು ತಡೆಯುತ್ತಿತ್ತು. ಮುಂದೆ, ಅಲೆ ಎತ್ತಿದಾಗಲೆಲ್ಲ ತಳ ನೀರನ್ನೇ ಬಿಡುತ್ತಿತ್ತು. ನಡುವೆ ಅವನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದ. ನಡುವೆ ಗಾಳಿ ಸೇರದಂತೆ ಅವಳು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಸೆನ್ಸರ್ ಇಟ್ಟು ತಳಕ್ಕೆ ಒತ್ತಿ ನೋಡುತ್ತಿದ್ದಳು.

"ನನ್ನ ಮಗನಿಗೆ ಹುಡುಗಿ ಹುಡುಕುವಾಗ್ಲೂ ಇಷ್ಟು ಸುತ್ತಿರ್ಲಿಲ್ಲಪ್ಪ!" ಚುಕ್ಕಾಣಿ ಹಿಡಿದ ಅತ್ತೆ ಗೊಣಗಿದರು.

ಒಂದು ಸಂಜೆ ಅವನ ಬೆರಳು ನಿಂತಿತು. ಅಂಗೈಯಿಂದ ಆ ಜಾಗವನ್ನು ಸವರಿದ.

"ಎಂಥ ಕೈ ಅವರದ್ದು! ಇಲ್ಲಿ ಒಂದೇ ಒಂದು ಗುಳ್ಳೆ ಇಲ್ಲ..."

ಗಂಡ ಹೋದ ಮೇಲೆ ಎಲ್ಲರೂ ಅಯ್ಯೋ ಎಂದಿದ್ದರು. ಯಾರೂ ಹೀಗೆ ಬೆರಗಾಗಿರಲಿಲ್ಲ.

ಅವಳು ಚೀಲ ಒತ್ತಿದಳು. ಪರದೆ ಬೆಳಗಿತು.

ನೀರಡಿಯ ನೆಲ!

ಬಂದರಿನ ಬಾಯಿಯಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಮ್ಮೆಲೇ ಕಂದಕವಾಯಿತು. ಅಂಚಿನಲ್ಲಿ ಮೋಡದಂತೆ ಮೀನಿನ ಹಿಂಡು. ಚಿಕ್ಕಂದಿನಿಂದ ನೋಡಿದ ನೀರು... ಅದರಡಿ ಇಷ್ಟೊಂದು ಬೆಟ್ಟ, ಕಣಿವೆ! ಅವಳು ಪರದೆಯತ್ತ ಇನ್ನಷ್ಟು ಬಗ್ಗಿದಳು.

"ಅಳ್ತಿದೀರಾ?"

"ಗೊತ್ತಿಲ್ಲ... ಅತ್ತು ಬಹಳ ದಿನ ಆಯ್ತು."

ದಡಕ್ಕೆ ಮರಳಿ, ಅವನು ಅದೇ ಜಾಗಕ್ಕೆ ಅಂಟು ಸವರಿ ಸೆನ್ಸರ್ ಕೂರಿಸಿದ. ಅವನ ಕೈಯ ಮೇಲೆ ಅವಳೂ ಕೈಯಿಟ್ಟು ಒತ್ತಿದಳು. ತೆಗೆಯಲಿಲ್ಲ.

"ಮೇಡಂ... ಇದು ಅಂಟಿದ್ರೆ ನನ್ನ ಕೆಲಸ ಮುಗೀತು."

"ಮುಗೀಲಿ. ಕೆಲಸ ಇಲ್ದೇನೂ ಬನ್ನಿ."

ಅತ್ತೆ ಸದ್ದಿಲ್ಲದೆ ಕಟ್ಟೆ ಹತ್ತಿ ನಡೆದರು.

"ಎಷ್ಟು ಹೊತ್ತು ಹೀಗೆ ಒತ್ತಿ ಹಿಡೀಬೇಕು?" ಅವಳು ಕೇಳಿದಳು.

"ಸ್ವಲ್ಪ ಹೊತ್ತು ಸಾಕು... ಆದ್ರೆ ಬಿಡ್ಬೇಡಿ."