ಹತ್ತು ಗಂಟೆಗೆ ಕತ್ತರಿ

"ನಿಮಗೆ ಮದುವೆ ಆಗಿದೆಯಾ?"

ಇಷ್ಟು ಕೇಳಿದ್ದೇ ತಡ, ಚಿಗುಸಾಳ ಮೂಗಿನ ತುದಿ ಕೆಂಪಾಯಿತು. ಫೆಬ್ರವರಿಯ ಚಳಿಗೆ ಅದು ಮೊದಲೇ ಅರ್ಧ ಕೆಂಪಾಗಿತ್ತು. ಉಳಿದರ್ಧವನ್ನು ಈ ಪ್ರಶ್ನೆ ಪೂರೈಸಿತು.

ಕೇಳಿದವನು ಕಿಮೊನೊ ಅಂಗಡಿಯ ಯಸುಹಿಕೊ. ವಯಸ್ಸು ಮೂವತ್ತೆಂಟರ ಆಸುಪಾಸು. ಚಾಪೆಯ ಮೇಲೆ ಮಂಡಿಯೂರಿ, ರೇಷ್ಮೆಯ ಸುರುಳಿಗಳನ್ನು ಮುಂದೆ ಸಾಲಾಗಿ ಇಟ್ಟುಕೊಂಡು, ಹೊರಗೆ ಹಿಮ ನಿಂತಿದೆಯಾ ಎಂದು ವಿಚಾರಿಸುವಷ್ಟೇ ಸಲೀಸಾಗಿ ಕೇಳಿದ್ದ.

"ಆಗಿದ್ರೆ ನಿಮ್ಮ ಬಟ್ಟೆ ಮೈಮೇಲೆ ನಿಲ್ಲುತ್ತೆ, ಆಗ್ದಿದ್ರೆ ಜಾರಿ ಬೀಳುತ್ತಾ?" ಎಂದಳು ಚಿಗುಸಾ.

"ಹಾಗಲ್ಲ. ಮದುವೆಮನೆಗೆ ಅಂದ್ರಲ್ಲ. ಮದುವೆ ಆದೋರಿಗೆ ಗಿಡ್ಡ ತೋಳು, ಆಗದೋರಿಗೆ ಉದ್ದ ತೋಳು. ಯಾವ ಕಪಾಟು ತೆಗೀಲಿ ಅಂತ ಕೇಳ್ದೆ, ಅಷ್ಟೆ."

"ಆಗಿಲ್ಲ, ಆಗೋ ಲಕ್ಷಣನೂ ಇಲ್ಲ." ಉತ್ತರ ಕೊಟ್ಟದ್ದು ಪಕ್ಕದಲ್ಲಿದ್ದ ಫುಸಾಯೆ ಅತ್ತೆ, ಚಿಗುಸಾಳ ಅಪ್ಪನ ಅಕ್ಕ. "ಮೂವತ್ನಾಲ್ಕು ತುಂಬಿದೆ. ಮೊನ್ನೆ ಹಬ್ಬದಲ್ಲಿ ನಾನೇ ಕಾಳು ಎಣಿಸಿ ಕೊಟ್ಟಿದೀನಿ."

ಎಣಿಸಿದ್ದು ನಿಜ. ಚಳಿಗಾಲ ಮುಗಿಯುವ ಆ ಹಬ್ಬದಲ್ಲಿ ಹುರಿದ ಸೋಯಾ ಕಾಳು ಎರಚಿ ಮನೆಯ ದೆವ್ವಗಳನ್ನು ಹೊರಗಟ್ಟುತ್ತಾರೆ, ಆಮೇಲೆ ಎಲ್ಲರೂ ತಮ್ಮ ತಮ್ಮ ವಯಸ್ಸಿನಷ್ಟು ಕಾಳು ತಿನ್ನುತ್ತಾರೆ. ಉಳಿದವರಿಗೆಲ್ಲ ಅಂದಾಜಿನಲ್ಲಿ ಒಂದೊಂದು ಹಿಡಿ ಸುರಿದ ಅತ್ತೆ, ಚಿಗುಸಾಳ ಪಾಲನ್ನು ಮಾತ್ರ ನೆಂಟರೆಲ್ಲರ ಮುಂದೆ ಒಂದೊಂದೇ ಗಟ್ಟಿಯಾಗಿ ಎಣಿಸಿದ್ದಳು. ಇಪ್ಪತ್ತೈದು ದಾಟಿದ ಮೇಲೆ ಅತ್ತೆಯ ದನಿ ಏರುತ್ತಲೇ ಹೋಗಿತ್ತು. ಹೊರಗಟ್ಟಬೇಕಾದ ದೆವ್ವ ಯಾವುದೆಂದು ಚಿಗುಸಾಳಿಗೆ ಆವತ್ತು ಅನುಮಾನವೇ ಉಳಿಯಲಿಲ್ಲ.

ಹದಿನೈದಕ್ಕೆ ಅತ್ತೆಯ ಮಗಳು ಮಿನೋರಿಯ ಮದುವೆ. ಅದಕ್ಕೆಂದೇ ಈ ಖರೀದಿ. ಅತ್ತೆ ಒಂದೊಂದಾಗಿ ಸುರುಳಿ ಬಿಚ್ಚಿಸಿದಳು. ಬೂದಿ ಬಣ್ಣ, ಇಲಿ ಬಣ್ಣ, ಒಣಗಿದ ಎಲೆಯ ಬಣ್ಣ. ಯಸುಹಿಕೊ ಪ್ರತಿಯೊಂದನ್ನೂ ಚಿಗುಸಾಳ ಭುಜದ ಮೇಲೆ ಇಳಿಬಿಟ್ಟು ನೋಡಿದ, ತೆಗೆದು ಪಕ್ಕಕ್ಕಿಟ್ಟ.

"ಇದು ಗಂಭೀರವಾಗಿದೆ. ನಿನ್ನ ವಯಸ್ಸಿಗೆ ಒಪ್ಪುತ್ತೆ," ಎಂದಳು ಅತ್ತೆ.

"ವಾರಕ್ಕೆ ಐದು ದಿನ ಬೂದು ಯೂನಿಫಾರಂ ಹಾಕ್ಕೊಂಡು ಬಸ್ ಓಡಿಸ್ತೀನಿ. ಮದುವೆಮನೆಗೂ ಅದೇನಾ? ಟಿಕೆಟ್ ಕೇಳ್ತಾರೆ ನನ್ನ!"

ಯಸುಹಿಕೊನ ತುಟಿಯಂಚು ಅಲುಗಿತು. ನಕ್ಕನೆಂದು ಹಿಡಿದುಹಾಕೋಣವೆಂದರೆ ಅಷ್ಟರಲ್ಲಿ ಅವನು ತಲೆ ಬಗ್ಗಿಸಿ ಬಟ್ಟೆ ಸುತ್ತುತ್ತಿದ್ದ.

ಅತ್ತೆ ಸೋಲುವವಳಲ್ಲ. ಜೊತೆಗೆ ತಂದಿದ್ದ ಗಂಟನ್ನು ಬಿಚ್ಚಿದಳು. "ಹಾಗಾದ್ರೆ ಇವಳ ವಯಸ್ಸಿಗೆ ತಕ್ಕ ಹಾಗೆ ಇದರ ತೋಳನ್ನಾದ್ರೂ ಕತ್ತರಿಸಿಕೊಡಿ. ಇದನ್ನೇ ಹಾಕ್ಕೊಳ್ಲಿ."

ಚಿಗುಸಾಳಿಗೆ ಇಪ್ಪತ್ತು ತುಂಬಿದಾಗ ಅಜ್ಜಿ ಹೊಲಿಸಿಕೊಟ್ಟ ಕಿಮೊನೊ ಅದು. ತಿಳಿನೀಲಿಯ ಮೇಲೆ ಹಿಮ, ಹಿಮದ ನಡುವೆ ಕೆಂಪು ಪ್ಲಮ್ ಹೂಗಳು, ಹೆಚ್ಚುಕಡಿಮೆ ಪಾದ ಮುಟ್ಟುವ ಉದ್ದ ತೋಳು. ಚಿಗುಸಾ ಅದನ್ನು ಉಟ್ಟದ್ದು ಒಂದೇ ಸಲ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಯಸುಹಿಕೊ ತೋಳನ್ನು ಎರಡೂ ಅಂಗೈ ಮೇಲೆ ಹರಡಿಕೊಂಡು ಸುಮಾರು ಹೊತ್ತು ನೋಡಿದ. "ದೇವಸ್ಥಾನದ ಪ್ಲಮ್ ಇನ್ನೂ ಅರಳಿಲ್ಲ. ಇದನ್ನ ಉಡೋಕೆ ಇದೇ ಸಮಯ. ಮರದಲ್ಲಿ ಹೂ ಬಿಟ್ಟ ಮೇಲೆ ಮೈಮೇಲಿನ ಹೂವಿಗೆ ಬೆಲೆ ಇಲ್ಲ." ಆಮೇಲೆ ನೇರವಾಗಿ ಚಿಗುಸಾಳನ್ನೇ ನೋಡಿದ. "ಕತ್ತರಿಸಿದ್ದನ್ನ ಮತ್ತೆ ಕೂಡಿಸೋಕೆ ಬರಲ್ಲ. ಉಡೋರು ಹೇಳ್ಬೇಕು. ನನ್ನ ಕೇಳಿದ್ರೆ, ಬೇಡ."

ಈ ಕಡೆ ಅತ್ತೆ, ಆ ಕಡೆ ಈ ಮಹಾಶಯ! ತನ್ನ ತೋಳಿನ ಬಗ್ಗೆ ಊರಿಗೆಲ್ಲ ಅಭಿಪ್ರಾಯವಿದೆ, ತನ್ನನ್ನು ಬಿಟ್ಟು. ಚಿಗುಸಾಳ ಪಿತ್ತ ನೆತ್ತಿಗೇರಿತು.

"ನಿಮ್ಮನ್ನ ಯಾರು ಕೇಳಿದ್ದು? ಕತ್ತರಿಸಿ!"

ಬಾಯಿಂದ ಬಿದ್ದೇಹೋಯಿತು. ಅತ್ತೆಯ ಮುಖ ಅರಳಿತು. ಯಸುಹಿಕೊ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, ಚೀಟಿ ಬರೆದ.

"ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಕತ್ತರಿ ಹಾಕ್ತೀನಿ. ಅಷ್ಟರೊಳಗೆ ಮನಸ್ಸು ಬದಲಾದ್ರೆ ನೀವೇ ಹೇಳ್ಬೇಕು. ಬೇರೆ ಯಾರು ಹೇಳಿದ್ರೂ ಕೇಳಲ್ಲ."

"ಬದಲಾಗಲ್ಲ."

ಎದ್ದು ಹೊರಡುವಾಗ ಗಾಜಿನ ಪೆಟ್ಟಿಗೆಯೊಳಗಿನ ಸಿಂಧೂರ ಬಣ್ಣದ ಹುರಿಯೊಂದು ಅವಳ ಕಣ್ಣು ಹಿಡಿಯಿತು, ಸೊಂಟದ ಪಟ್ಟಿಯ ಮೇಲೆ ಕಟ್ಟುವಂಥದು. ಎರಡು ಹೆಜ್ಜೆಯಷ್ಟು ಕಾಲ ನಿಂತು ನೋಡಿದಳು. ಅದನ್ನು ಯಸುಹಿಕೊ ನೋಡಿದ. ಅವನು ನೋಡಿದ್ದನ್ನು ಅವಳು ನೋಡಿ, ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದಳು.

*

ಆ ಅಂಗಡಿಯ ಮುಂದೆಯೇ ಬಸ್ ಸ್ಟಾಪ್ ಇದ್ದದ್ದು ಚಿಗುಸಾಳ ಗ್ರಹಚಾರ. ಕಾನಜಾವಾ ಊರಿನ ಅಸಾನೊ ನದಿಯ ಸೇತುವೆ ದಾಟಿದ ಕೂಡಲೇ ನಿಲ್ಲಿಸಬೇಕು, ದಿನಕ್ಕೆ ಎಂಟು ಸಲ. ಎಂಟು ಸಲವೂ ಕಿಟಕಿಯ ಗಾಜಿನಾಚೆ ಅವನು ಹೊಲಿಯುತ್ತಾ ಕೂತಿರುತ್ತಿದ್ದ. ಎಂಟು ಸಲವೂ ಅವಳು ಬಿಳಿ ಕೈಗವಸಿನ ಬೆರಳುಗಳಿಂದ ಸ್ಟಿಯರಿಂಗ್ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು.

ಸಿಟ್ಟು ಅವನ ಮೇಲೋ ತನ್ನ ಮೇಲೋ ಅವಳಿಗೇ ಬಗೆಹರಿಯಲಿಲ್ಲ. ಅಜ್ಜಿ ಆ ಕಿಮೊನೊ ಉಡಿಸಿದ ದಿನ ಇದೇ ಸೇತುವೆಯ ಮೇಲೆ ನಡೆಸಿಕೊಂಡು ಹೋಗಿದ್ದಳು. "ಇಲ್ಲಿ ನಿಂತೇ ನಿಮ್ಮಜ್ಜನಿಗೆ ತೋಳು ಬೀಸಿದ್ದೆ ಕಣೇ. ಎಡಕ್ಕೆ ಬಲಕ್ಕೆ ಬೀಸಿದ್ರೆ ಇಷ್ಟ ಅಂತ. ಹಿಂದಕ್ಕೆ ಮುಂದಕ್ಕೆ ಬೀಸಿದ್ರೆ ಬೇಡ ಅಂತ. ಬಾಯಿ ಬಿಟ್ಟು ಹೇಳೋ ಕಷ್ಟನೇ ಇರ್ಲಿಲ್ಲ. ನಿಂಗೂ ಯಾರಿಗಾದ್ರೂ ಬೀಸ್ಬೇಕು ಅನ್ನಿಸಿದ್ರೆ ಬೀಸು. ಅನ್ನಿಸ್ದಿದ್ರೆ ಸುಮ್ನೆ ನಡಿ, ಅವಸರ ಇಲ್ಲ."

ಅವಸರ ಇಲ್ಲ ಎಂದು ಹೇಳಿದವಳು ಅಜ್ಜಿಯೊಬ್ಬಳೇ. ಆ ತೋಳನ್ನೇ ಕತ್ತರಿಸೆಂದು ಹೇಳಿ ಬಂದಿದ್ದಾಳೆ ಮೊಮ್ಮಗಳು, ಅದೂ ಹಟಕ್ಕೆ.

ಹನ್ನೊಂದರ ಮಧ್ಯಾಹ್ನ ಅಂಗಡಿಯ ಸ್ಟಾಪಿನಲ್ಲಿ ಯಸುಹಿಕೊ ಬಸ್ ಹತ್ತಿದ. ಮುಂದಿನ ಸೀಟಿನಲ್ಲಿ, 'ಬಸ್ ಚಲಿಸುವಾಗ ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಫಲಕದ ಕೆಳಗೆ, ಒಳ್ಳೆಯ ಹುಡುಗನಂತೆ ಕೂತ. ಚಿಗುಸಾ ಕನ್ನಡಿಯಲ್ಲಿ ನೋಡಿದರೆ ಅವನ ಕಣ್ಣು ಅವಳ ಮೇಲಿತ್ತು. ತಟ್ಟನೆ ನದಿಯತ್ತ ಹೊರಳಿತು. ಮತ್ತೆ ನೋಡಿದಳು. ಮತ್ತೆ ಅದೇ ಕಥೆ. ಆ ಹೊತ್ತಿಗೆ ಬಸ್ಸು ನದಿ ಬಿಟ್ಟು ತುಂಬ ದೂರ ಬಂದಿತ್ತು, ಅವನು ನೋಡುತ್ತಿದ್ದದ್ದು ಒಂದು ಪೆಟ್ರೋಲ್ ಬಂಕ್.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅವನು ಇಳಿಯಲಿಲ್ಲ.

"ಇಲ್ಲಿ ಹಿಮ ಬಿಟ್ರೆ ಏನೂ ಇಲ್ಲ. ಯಾಕ್ ಬಂದ್ರಿ?"

"ಇದೇ ಬಸ್ಸಲ್ಲಿ ವಾಪಸ್ ಹೋಗ್ತೀನಿ. ಹೊರಡೋಕೆ ಎಷ್ಟು ಹೊತ್ತಿದೆ?"

"ಐದು ನಿಮಿಷ."

"ತೋಳಿನ ಹೊಲಿಗೆ ಬಿಚ್ಚಿಟ್ಟಿದೀನಿ, ಚಿಗುಸಾ ಸಾನ್. ನಾಳೆ ಹತ್ತು ಗಂಟೆ. ನೀವು ಬಂದು ಬೇಡ ಅಂತೀರಿ ಅಂದ್ಕೊಂಡಿದ್ದೆ."

"ಕೊಟ್ಟ ಮಾತು ವಾಪಸ್ ತಗೊಳ್ಳೋಳಲ್ಲ ನಾನು."

"ಅದು ನಿಮ್ಮ ಮಾತೇ ಅಲ್ಲ!" ಯಸುಹಿಕೊನ ದನಿ ಬಸ್ಸಿನ ಖಾಲಿ ಸೀಟುಗಳ ಮೇಲೆಲ್ಲ ಹರಿಯಿತು. ಇಷ್ಟು ಮೆತ್ತಗಿನ ಮನುಷ್ಯನಿಗೆ ಇಷ್ಟು ಸಿಟ್ಟು ಎಲ್ಲಿತ್ತು? "ನಿಮ್ಮತ್ತೆ ಮೇಲೆ ರೇಗಿದ್ರಿ, ನನ್ನ ಮೇಲೆ ರೇಗಿದ್ರಿ, ಬಾಗಿಲ ಮೇಲೂ ರೇಗಿದ್ರಿ. ಕಡೆಗೆ ಮಾಡಿದ್ದೇನು? ಅತ್ತೆ ಹೇಳಿದ್ದನ್ನೇ! ಇಷ್ಟೊಂದು ಕೋಪ ಇಟ್ಕೊಂಡು ಒಂದು ತೋಳು ಉಳಿಸ್ಕೊಳ್ಳೋಕೆ ಆಗಲ್ವಾ ನಿಮಗೆ?"

ಚಿಗುಸಾ ಕೈಗವಸನ್ನು ಮಣಿಕಟ್ಟಿನವರೆಗೆ ಬಿಗಿಯಾಗಿ ಎಳೆದುಕೊಂಡಳು.

"ನಿಮಗ್ಯಾಕ್ರೀ ಉರಿ?" ಎಂದಳು. "ಬಟ್ಟೆ ನಂದು. ತೋಳು ನಂದು."

"ಎರಡು ವರ್ಷದಿಂದ ನಾನು..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಎರಡು ವರ್ಷದಿಂದ ಏನು?"

ಅವನು ಗಡಿಯಾರ ನೋಡಿದ. ಆಮೇಲೆ ತಲೆಯ ಮೇಲಿದ್ದ ಫಲಕ ತೋರಿಸಿದ. "ಹೊರಡೋ ಟೈಮ್ ಆಯ್ತು. ಇನ್ನು ಮಾತಾಡೋ ಹಾಗಿಲ್ಲ."

ಎಂಥ ಮನುಷ್ಯ! ಚಿಗುಸಾ ಹಲ್ಲು ಕಚ್ಚಿ ಬಸ್ ತಿರುಗಿಸಿದಳು. ಇಳಿಯುವಾಗ ಅವನು ಡಬ್ಬಿಗೆ ಚಿಲ್ಲರೆ ಹಾಕಿ, ರಸ್ತೆ ನೋಡುತ್ತಾ ಹೇಳಿದ, "ನಾಳೆ ನಿಮ್ಮ ಬಸ್ ಒಂಬತ್ತು ಐವತ್ತೆರಡಕ್ಕೆ ಇಲ್ಲಿಗೆ ಬರುತ್ತೆ. ಕಿಟಕಿ ಹತ್ರನೇ ಕೂತಿರ್ತೀನಿ."

*

ಹನ್ನೆರಡರ ಬೆಳಿಗ್ಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಬಸ್ಸುಗಳೆಲ್ಲ ತೆವಳುತ್ತಿದ್ದವು. ರಾತ್ರಿಯಿಡೀ ತನ್ನನ್ನು ತಾನೇ ಬೈದುಕೊಂಡ ಚಿಗುಸಾಳಿಗೆ ಒಂದು ವಿಷಯ ಖಚಿತವಾಗಿತ್ತು. ತೋಳು ಉಳಿಯಬೇಕು. ಐವತ್ತೆರಡಕ್ಕೆ ನಿಲ್ಲಿಸಿ, ಬಾಗಿಲು ತೆರೆದು, ಮರ್ಯಾದೆಯಾಗಿ ಒಂದು ಮಾತು ಹೇಳಿದರಾಯಿತು ಎಂದುಕೊಂಡಿದ್ದಳು.

ಸೇತುವೆಯ ಮೇಲೆ ಬಂದಾಗ ಗಂಟೆ ಒಂಬತ್ತು ಐವತ್ತೆಂಟು. ಮುಂದೆ ಕೆಂಪು ಸಿಗ್ನಲ್. ಅದಕ್ಕೂ ಬೈದಳು. ಸ್ಟಾಪ್ ಮುಟ್ಟುವಾಗ ಹತ್ತಕ್ಕೆ ಇನ್ನು ಒಂದೇ ನಿಮಿಷ. ಗಾಜಿನಾಚೆ ನೀಲಿ ರೇಷ್ಮೆ ಹಲಗೆಯ ಮೇಲೆ ಹರಡಿತ್ತು. ಯಸುಹಿಕೊನ ಬಲಗೈಯಲ್ಲಿ ಕತ್ತರಿ. ಅವನ ಕಣ್ಣು ಗೋಡೆ ಗಡಿಯಾರದ ಮೇಲೆ.

ಪ್ರಯಾಣಿಕರನ್ನು ಕೂರಿಸಿಕೊಂಡು ಸೀಟು ಬಿಟ್ಟೇಳುವಂತಿಲ್ಲ. ಕೂಗಿದರೆ ಆ ಗಾಜು ದಾಟಿ ಕೇಳಿಸುವುದಿಲ್ಲ. ಹಾರ್ನ್ ಹೊಡೆದಳು. ಅವನು ಇತ್ತ ತಿರುಗಲಿಲ್ಲ. ಚಿಗುಸಾಳ ಕೈ ತಾನಾಗಿ ಮೈಕಿನತ್ತ ಹೋಯಿತು. ಬಸ್ಸಿನ ಹೊರಗಿನ ಸ್ಪೀಕರಿಗೆ ಸೇರಿದ, 'ಈ ಬಸ್ಸು ರೈಲು ನಿಲ್ದಾಣಕ್ಕೆ ಹೋಗುತ್ತದೆ' ಎಂದಷ್ಟೇ ಹೇಳಲು ಇರುವ ಮೈಕು.

"ಕಿಮೊನೊ ಅಂಗಡಿಯವರ ಗಮನಕ್ಕೆ." ದನಿ ಬೀದಿಯ ಆ ತುದಿಯವರೆಗೂ ಮೊಳಗಿತು. "ಕತ್ತರಿಸಬೇಡಿ! ಉದ್ದ ತೋಳು ಉದ್ದವಾಗೇ ಇರಲಿ. ಇದು ನಾನೇ ಹೇಳ್ತಿರೋದು. ಅತ್ತೆ ಅಲ್ಲ, ನೀವೂ ಅಲ್ಲ, ನಾನು! ಕತ್ತರಿ ಕೆಳಗಿಡಿ!"

ಹಿಮ ಬಾಚುತ್ತಿದ್ದವರು ಸಲಿಕೆ ಹಿಡಿದು ನಿಂತರು. ಯಸುಹಿಕೊ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮೈಕು ಕೈಯಲ್ಲಿತ್ತು, ಸಿಟ್ಟು ಇನ್ನೂ ಬಾಕಿಯಿತ್ತು.

"ಇನ್ನೊಂದು ವಿಷಯ. ಎರಡು ವರ್ಷದಿಂದ ಏನು ಅಂತ ನಿನ್ನೆ ಕೇಳಿದ್ದೆ. ಉತ್ತರ ಬಂದಿಲ್ಲ!"

ಅವನು ಚಪ್ಪಲಿಯನ್ನೂ ಮೆಟ್ಟದೆ, ಬಿಳಿ ಕಾಲ್ಚೀಲದಲ್ಲೇ ಹಿಮಕ್ಕೆ ಓಡಿಬಂದ. "ಎರಡು ವರ್ಷದಿಂದ ದಿನಾ ನಿಮ್ಮ ಬಸ್ಸನ್ನೇ ನೋಡ್ತಾ ಕೂತಿದೀನಿ!"

"ಎರಡು ವರ್ಷ!" ಚಿಗುಸಾ ಕಿಟಕಿ ಸರಿಸಿದಳು. ಮೈಕು ಆರಿಸುವುದು ನೆನಪಾಗಲಿಲ್ಲ. "ದಿನಕ್ಕೆ ಎಂಟು ಸಲ ನಿಮ್ಮ ಬಾಗಿಲಲ್ಲೇ ನಿಲ್ಲಿಸ್ತೀನಿ! ಒಂದ್ಸಲ ಹತ್ತಿ ಒಂದು ಮಾತಾಡೋಕೆ ಏನಾಗಿತ್ತು ನಿಮಗೆ?"

"ಯಾವಾಗ್ಲೂ ಕೈಗವಸು ಹಾಕಿರ್ತೀರಿ! ಉಂಗುರ ಇದೆಯೋ ಇಲ್ವೋ ಹೇಗೆ ಗೊತ್ತಾಗ್ಬೇಕು? ಅವತ್ತು ಮದುವೆ ಆಗಿದೆಯಾ ಅಂತ ಕೇಳಿದ್ದು..." ಅವನು ಹೂತುಹೋದ ಕಾಲನ್ನು ಹಿಮದಿಂದ ಎಳೆದುಕೊಂಡ. "ಕಪಾಟಿಗೋಸ್ಕರ ಅಲ್ಲ!"

ಚಿಗುಸಾಳ ಮೂಗಿನ ಜೊತೆಗೆ ಈ ಸಲ ಕಿವಿಗಳೂ ಕೆಂಪಾದವು.

ಹಿಂದಿನ ಸೀಟಿನಿಂದ ದಿನಾ ಆಸ್ಪತ್ರೆಗೆ ಹೋಗುವ ಟೋಮಿ ಅಜ್ಜಿ ಕೂಗಿದಳು, "ಏನಮ್ಮಾ ಚಾಲಕಿ, ಹೊರಡ್ತೀಯಾ? ಇಲ್ಲಾ ಇಲ್ಲೇ ಮದುವೆ ಮುಗಿಸ್ಕೊಂಡು ಹೋಗೋಣ್ವಾ?"

ಬಸ್ಸು ತುಂಬ ನಗು. ಡಿಪೋದಲ್ಲಿ ಆವತ್ತು ಚಿಗುಸಾ ಎರಡು ಪುಟದ ಕ್ಷಮಾಪಣೆ ಬರೆದಳು. ತಪ್ಪಾಯಿತೆಂದು ಬರೆದಳು, ಪಶ್ಚಾತ್ತಾಪವಾಗಿದೆ ಎಂದು ಮಾತ್ರ ಬರೆಯಲಿಲ್ಲ.

ಮರುದಿನ ಹೋಗಿ ಕಿಮೊನೊ ತಂದಳು. ಅದರ ಮೇಲೆ ಆ ಸಿಂಧೂರ ಹುರಿಯನ್ನು ಅವನು ಮಡಿಸಿಟ್ಟಿದ್ದ.

"ಉಡುಗೊರೆ ಕೇಳಿದ್ನಾ ನಾನು?" ಎಂದು ರೇಗಿ, ಪೂರ್ತಿ ಬೆಲೆ ಕೊಟ್ಟೇ ಕೊಂಡಳು.

*

ಮದುವೆಮನೆಯಲ್ಲಿ ಫುಸಾಯೆ ಅತ್ತೆ ತೋಳು ನೋಡಿ ಎದೆ ಹಿಡಿದುಕೊಂಡಳು. "ಈ ವಯಸ್ಸಿಗೆ ಇಷ್ಟುದ್ದನಾ! ಎಷ್ಟು ವರ್ಷ ಅಂತ ಜನ ಕೇಳಿದ್ರೆ ಏನ್ ಹೇಳ್ಲಿ?"

"ಮೂವತ್ನಾಲ್ಕು ಅನ್ನಿ ಅತ್ತೆ. ನೀವೇ ಎಣಿಸಿದ್ದಲ್ವಾ?"

ಮದುಮಗಳು ಮಿನೋರಿ ಬಾಯಿಗೆ ಬೀಸಣಿಗೆ ಅಡ್ಡ ಹಿಡಿದು ನಕ್ಕಳು. ಅತ್ತೆ ಇನ್ನೇನೋ ಹೇಳಹೊರಟು, ತೋಳಿನ ಮೇಲಿನ ಹೂಗಳನ್ನು ಒಮ್ಮೆ ಸವರಿ, "ನಮ್ಮಮ್ಮನ ಆಯ್ಕೆ ಚೆನ್ನಾಗೇ ಇರ್ತಿತ್ತು," ಎಂದು ಗೊಣಗಿ ಆಚೆ ಹೋದಳು.

ಊಟ ಮುಗಿಸಿ ಚಿಗುಸಾ ಟ್ಯಾಕ್ಸಿ ಹತ್ತಲಿಲ್ಲ. ನಡೆದುಕೊಂಡೇ ಸೇತುವೆಗೆ ಬಂದಳು. ಮೋಡ ಸರಿದು ಹಿಮದ ಮೇಲೆ ಬಿಸಿಲು ಬಿದ್ದಿತ್ತು. ಆ ದಡದಲ್ಲಿ, ಅಂಗಡಿಯ ಮುಂದೆ, ಯಸುಹಿಕೊ ಸಲಿಕೆ ಹಿಡಿದು ನಿಂತಿದ್ದ. ಬಾಚಲು ಅಲ್ಲಿ ಹಿಮವೇ ಉಳಿದಿರಲಿಲ್ಲ.

ಚಿಗುಸಾ ಸೇತುವೆಯ ನಡುವೆ ನಿಂತಳು. ಎರಡೂ ಕೈ ಸ್ವಲ್ಪ ಎತ್ತಿ ಉದ್ದ ತೋಳುಗಳನ್ನು ಎಡಕ್ಕೆ ಬೀಸಿದಳು, ಬಲಕ್ಕೆ ಬೀಸಿದಳು. ಪ್ಲಮ್ ಹೂಗಳು ಬಿಸಿಲಲ್ಲಿ ಹೋಗಿ ಬಂದವು.

ಅವನು ಕದಲಲಿಲ್ಲ. ಕಂಬದ ಹಾಗೆ ನಿಂತೇ ಇದ್ದ.

"ಕಾಣಿಸ್ಲಿಲ್ವಾ?" ಚಿಗುಸಾ ಕೂಗಿದಳು. "ಕಿಮೊನೊ ಮಾರೋರಿಗೆ ಇದರ ಅರ್ಥನೂ ಗೊತ್ತಿಲ್ವಾ?"

"ದೂರ ಇದೀರಿ. ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ!"

ದುಸುಮುಸು ಮಾಡುತ್ತಾ ಹತ್ತು ಹೆಜ್ಜೆ ಮುಂದೆ ಬಂದು ಮತ್ತೆ ಬೀಸಿದಳು. ಎಡಕ್ಕೆ, ಬಲಕ್ಕೆ. ಆಗ ಅವನು ಸಲಿಕೆ ಬಿಸಾಡಿ ಸೇತುವೆಯೇರಿ ಬಂದು ಎದುರು ನಿಂತ.

"ಮೊದಲ್ನೇ ಸಲನೇ ಕಾಣಿಸಿತ್ತು," ಎಂದ.

"ಮೋಸಗಾರ!"

"ಎರಡು ವರ್ಷ ಕಾದಿದೀನಿ, ಚಿಗುಸಾ. ಎರಡು ಸಲ ನೋಡೋದು ಬೇಡ್ವಾ?"

ಹೆಸರಿನ ಕೊನೆಗೆ ಮರ್ಯಾದೆಗೆಂದು ಸೇರಿಸುವ 'ಸಾನ್' ಎಲ್ಲೋ ಬಿದ್ದುಹೋಗಿತ್ತು. ಅವಳು ಅದಕ್ಕೂ ರೇಗಬಹುದಿತ್ತು, ರೇಗಲಿಲ್ಲ. ತೋಳಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನದಿಯತ್ತ ನೋಡಿದಳು.

"ನೋಡಿ, ಇದನ್ನ ಒಂದಿನ ಕತ್ತರಿಸ್ಬೇಕಾಗುತ್ತೆ. ಯಾವತ್ತು ಅಂತ ನಾನೇ ಹೇಳೋದು. ಯಾರೂ ಅವಸರ ಮಾಡೋ ಹಾಗಿಲ್ಲ."

"ಆಯ್ತು."

"ಕತ್ತರಿ ಹಾಕೋರು ಮಾತ್ರ ನೀವೇ ಆಗಿರ್ಬೇಕು."

ಯಸುಹಿಕೊ ತೋಳಿನ ತುದಿ ಸುತ್ತಿಕೊಂಡಿದ್ದ ಅವಳ ಕೈಯನ್ನು ಹಿಡಿದುಕೊಂಡ. ಮೆಲ್ಲಗೆ ಕೇಳಿದ, "ಮುಂದಿನ ವರ್ಷ ಪ್ಲಮ್ ಅರಳೋ ಮುಂಚೆನಾ, ಆಮೇಲಾ?"

"ಅವಸರ ಮಾಡ್ಬೇಡಿ ಅಂತ ಈಗ ತಾನೇ ಹೇಳಿದ್ನಲ್ರೀ!"

ಬೈದಳು. ಆದರೆ ಅವನ ಕೈಯಲ್ಲಿದ್ದ ತನ್ನ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಆವತ್ತು ಅವಳು ಕೈಗವಸು ಹಾಕಿರಲಿಲ್ಲ.